ಕೋಸು

ದರ್ಜಿಗಳ ಮಾತಿನಲ್ಲಿ
ಕೋಟು ಕತ್ತರಿಸಿದ ಮೇಲೆ ಉಳಿಯುವ ಚೂರಿಗೆ
ಕೋಸು ಅಂತ ಹೆಸರು.
ಯಾಕೆ ಅಂತ ಅಪ್ಪನಿಗೂ ಗೊತ್ತಿರಲಿಲ್ಲ.
ವಿದರ್‌ಡೆನ್ ಊರಿಗೆ ಮಾತ್ರ ಎಲ್ಲ ಗೊತ್ತಿತ್ತು:
ಮೂರು ಗಜ ಕೊಟ್ಟರೆ
ಪಿಲ್ಬೀಮ್ ಎರಡೂಮುಕ್ಕಾಲರಲ್ಲಿ ಮುಗಿಸುತ್ತಾನೆ,
ಉಳಿದ ಕಾಲು ಗಜ ಅವನ ಹೊಟ್ಟೆಗೆ.

ಹೊಟ್ಟೆಗೆ ಹೋಗಲಿಲ್ಲ, ನಾನೇ ಸಾಕ್ಷಿ.
ಹೊಟ್ಟೆಗೆ ಹೋಗುತ್ತಿದ್ದದ್ದು ಹಿತ್ತಲ ಕೋಸು,
ವಾರಕ್ಕೆ ಐದು ದಿನ, ಉಪ್ಪು ಹಾಕಿ ಬೇಯಿಸಿದ್ದು.

ಚೂರುಗಳೆಲ್ಲ ಮೇಜಿನಡಿಯ ಪೆಟ್ಟಿಗೆಯಲ್ಲಿ.
ಪಾದ್ರಿಯ ನಿಲುವಂಗಿಯ ಸವೆದ ಅಂಚು.
ಹಾಪ್ ಬಳ್ಳಿ ಬಿಡಿಸುವ ಹೆಂಗಸರ ನೀಲಿ ಏಪ್ರನ್ ತುಂಡು.
ಯುದ್ಧದಿಂದ ಒಂದೇ ಕೈಯಲ್ಲಿ ಮರಳಿದ ಎನಾಕ್
ಇದು ಇನ್ನು ಯಾಕೆ, ತೆಗೆದುಬಿಡು ಅಂದ
ಕೆಂಪು ಕೋಟಿನ ಬಲತೋಳು.
ಅದನ್ನು ಅಪ್ಪ ಬಹಳ ದಿನ ಮುಟ್ಟಲಿಲ್ಲ.

ಚಳಿಗಾಲದ ರಾತ್ರಿ ಮೇಜಿನ ಮೇಲೆ
ಚಕ್ಕಳಮಕ್ಕಳ ಹಾಕಿ ಕೂತು
ಮನುಷ್ಯರನ್ನು ಕತ್ತರಿಸುತ್ತಿದ್ದ.
ಸೀಮೆಸುಣ್ಣದ ಗೀಟು ಬೇಕಿರಲಿಲ್ಲ,
ಊರಿನ ಅಳತೆ ಬೆರಳಲ್ಲಿತ್ತು:
ಯಾರ ಭುಜ ಎಡಕ್ಕೆ ವಾಲಿದೆ,
ಯಾರ ಸೊಂಟ ಈ ವರ್ಷ ಎರಡಂಗುಲ ಇಳಿದಿದೆ,
ನೆರಿಗೆ ಹೆಚ್ಚಿಗೆ ಇಡಿ ಅಂತ
ಯಾರು ಬಾಗಿಲು ಮುಚ್ಚಿಕೊಂಡು ಕೇಳಿದ್ದಳು.
ಅಳತೆ ಹೇಳುತ್ತಿದ್ದ, ಹೆಸರು ಹೇಳುತ್ತಿರಲಿಲ್ಲ.

ಮುಖಕ್ಕೆ ಹಳೆಯ ಕೈಗವಸಿನ ತೊಗಲು.
ಆಕಾಶ ನನ್ನದು, ನೀರುಬಣ್ಣದ್ದು, ಸ್ವಲ್ಪ ಸೋರಿದ್ದು.
ಹಿಂಬದಿಯ ಅಕ್ಷರವೂ ನನ್ನದೇ.
ಅಪ್ಪನಿಗೆ ಅಂಕಿ ಬರುತ್ತಿತ್ತು, ಅಕ್ಷರ ಇಲ್ಲ.
'ಬರಿ ಕೆಜಾಯಾ,' ಅನ್ನುತ್ತಿದ್ದ,
'ಮಾಡಿದ್ದು ಪಿಲ್ಬೀಮ್. ಬಟ್ಟೆ ಅವರವರದು.'

ಓಬೆಡ್ ಹೊಲದ ಕುರುಡಿಲಿ ಹಿಡಿಯುವವನು.
ಸತ್ತವನ್ನು ಬೇಲಿಗೆ ಸಾಲಾಗಿ ತೂಗುಹಾಕುತ್ತಿದ್ದ,
ತಲೆ ಎಣಿಸಿ ಕೂಲಿ.
ಅಪ್ಪ ಅವನನ್ನೇ ಮಾಡಿದ:
ಎನಾಕನ ಕೆಂಪು ಅವನ ಕೊರಳ ವಸ್ತ್ರವಾಯಿತು,
ಮೈಗೆ ಒರಟು ಕಂದು ಉಣ್ಣೆ,
ಬೇಲಿಯ ಮೇಲೆ ಹನ್ನೆರಡು ಇಲಿ, ಕಪ್ಪು ಮಖಮಲ್ಲು.

ಜಮೀನ್ದಾರ ಥರ್ಲೋ ಗುಂಡಿ ಹಾಕಿಸಲು ಬಂದವನು
ಗೋಡೆ ನೋಡಿದ. ಹತ್ತಿರ ಹೋದ.
'ಇದು ನನ್ನ ವೇಸ್ಟ್‌ಕೋಟು.'
ಒಂದೊಂದೇ ಇಲಿ ಮುಟ್ಟಿ ಎಣಿಸಿದ.

ಅಪ್ಪ ಬಾಯಲ್ಲಿದ್ದ ಸೂಜಿಗಳನ್ನು
ನಿಧಾನಕ್ಕೆ ತೆಗೆದು ದಿಂಬಿಗೆ ಚುಚ್ಚಿದ.
'ಅಳತೆ ತೆಗೆಯುವಾಗ, ಸ್ವಾಮಿ,
ಉಸಿರು ಬಿಗಿಹಿಡಿದು ನಿಂತಿದ್ದಿರಿ.
ಬಿಟ್ಟಿದ್ದರೆ
ಇಷ್ಟು ಉಳಿಯುತ್ತಿರಲಿಲ್ಲ.'

ಥರ್ಲೋ ನಗಲಿಲ್ಲ. ದುಡ್ಡೂ ಕೊಡಲಿಲ್ಲ.
ಚಿತ್ರವನ್ನು ಕಂಕುಳಲ್ಲಿಟ್ಟುಕೊಂಡು ಹೋದ.
ಆ ತಿಂಗಳು ನಮ್ಮಂಗಡಿಗೆ
ದೊಡ್ಡಮನೆಯ ಒಂದು ಕಾಲುಚೀಲವೂ ಬರಲಿಲ್ಲ,
ಆಮೇಲೆ ಬಂತು. ಸುತ್ತ ಹತ್ತು ಮೈಲಿಗೆ
ಬೇರೆ ದರ್ಜಿ ಎಲ್ಲಿದ್ದ?

ಮೂವತ್ತು ವರ್ಷದ ಮೇಲೆ ದೊಡ್ಡಮನೆ ಹರಾಜಾಯಿತು.
ನಾನೂ ಹೋಗಿದ್ದೆ, ಕೊಳ್ಳಲು ಅಲ್ಲ.
ಬೂಟಿನ ಕೋಣೆಯಿಂದ ತಂದ ರಾಶಿಯಲ್ಲಿ
ನನ್ನ ಸೋರಿದ ಆಕಾಶ.
ನುಸಿ ಓಬೆಡನನ್ನು ತಿಂದುಹಾಕಿತ್ತು,
ಕೋಟು, ಕೊರಳ ವಸ್ತ್ರ, ಎಲ್ಲ ಉಣ್ಣೆ.
ತೊಗಲಿನ ಮುಖ ಒಂದು ಗಾಳಿಯಲ್ಲಿ ನಿಂತಿತ್ತು.
ಇಲಿಗಳು ಹನ್ನೆರಡೂ ಹಾಗೇ ಇದ್ದವು.
ರೇಷ್ಮೆ ರೇಷ್ಮೆ ಅಂತ ಥರ್ಲೋ ಊರಿಗೆಲ್ಲ ಹೇಳಿದ್ದ
ಮಖಮಲ್ಲು ಹತ್ತಿಯದು, ನುಸಿ ಮೂಸಿರಲಿಲ್ಲ.
ಅಪ್ಪನ ಬೆರಳಿಗೆ ಗೊತ್ತಿರದೆ ಇರುತ್ತಿತ್ತೇ,
ಆದರೂ ಒಮ್ಮೆಯೂ ಅನ್ನಲಿಲ್ಲ.

ಚೌಕಟ್ಟು ಗಟ್ಟಿಯಿದೆ ಅಂತ
ಲೂಯಿಸ್ ಪೇಟೆಯ ಒಬ್ಬ ಕೂಗಿ ಕೊಂಡ.
ಮೊಳೆ ಕಿತ್ತು, ಒಳಗಿನದನ್ನು
ಹುಲ್ಲಿನ ಮೇಲೆ ಬಿಸಾಡಿದ.

ಎತ್ತಿಕೊಂಡೆ.
ಕೇಳಬೇಕಾದವರು ಯಾರೂ ಇರಲಿಲ್ಲ.
ಕತ್ತರಿಸಿ ಉಳಿದದ್ದು
ದರ್ಜಿ ಮನೆಯದು.